ಪತಂಗಕ್ಕೆ ಗರಿಮೀಸೆ ಬಂದದ್ದು

ಲೋಕದ ಹಸಿ ಮಣ್ಣು ಇನ್ನೂ ಆರಿರಲಿಲ್ಲ. ಸಂಪಿಗೆಗೆ ಪರಿಮಳ ಹಂಚಿಯಾಗಿತ್ತು, ಹಲಸಿಗೆ ಘಮ ಹಂಚಿಯಾಗಿತ್ತು, ಆಡಿನ ದೊಡ್ಡಿಗೂ ಅದರ ಪಾಲು ಸಿಕ್ಕಿತ್ತು. ಎಲ್ಲ ವಾಸನೆಗಳನ್ನೂ ಒಂದೇ ಗಂಟು ಕಟ್ಟಿ ಹೊತ್ತು ತಿರುಗುವುದು ಗಾಳಿರಾಯನ ಕೆಲಸ.

ಆಗ ಬೂದಪ್ಪ ಎಂಬ ಪತಂಗವಿತ್ತು. ಮೈಯೆಲ್ಲ ಬೂದಿ ಬಣ್ಣ, ತಲೆಯ ಮೇಲೆ ದಾರದಂಥ ಎರಡು ಬೋಳು ಮೀಸೆ. ಪತಂಗಗಳಿಗೆ ಮೂಗಿಲ್ಲ, ಮೂಸುವುದೆಲ್ಲ ಮೀಸೆಯಿಂದಲೇ.

ಅವನ ಮದುಮಗಳು ಕೆಂಚಿ. ಹೊಳೆಯಾಚೆಯ ಮತ್ತಿ ಮರದಲ್ಲಿ ಕೂತಿದ್ದಳು. ಹೊಟ್ಟೆ ತುಂಬ ಮೊಟ್ಟೆ ಹೊತ್ತವಳು, ದೂರ ಹಾರಲಾರಳು. ಹುಳುವಾಗಿದ್ದಾಗಲೇ ಇಬ್ಬರಿಗೂ ಮಾತಾಗಿತ್ತು: ಕರೆಯುವವಳು ಅವಳು, ಹೋಗುವವನು ಇವನು. ಕರೆಯುವುದೂ ಕೂಗಿ ಅಲ್ಲ, ನವಿರಾದ ಒಂದು ವಾಸನೆಯನ್ನು ಗಾಳಿಗೆ ಬಿಟ್ಟು.

ರೆಕ್ಕೆ ಬಂದ ಮೇಲೆ ಅವರಿಗೆ ಊಟವೆಂಬುದಿಲ್ಲ. ಹುಳುವಾಗಿದ್ದಾಗ ತಿಂದದ್ದು ಕರಗುವುದರೊಳಗೆ ಬೂದಪ್ಪ ಅವಳನ್ನು ಮುಟ್ಟಬೇಕು. ಇಲ್ಲದಿದ್ದರೆ ಮೊಟ್ಟೆಗಳೆಲ್ಲ ಬರಡು. ಲೋಕದಲ್ಲಿದ್ದ ಪತಂಗಗಳು ಇವರಿಬ್ಬರೇ ಆದ್ದರಿಂದ ಕುಲವೂ ಅಲ್ಲಿಗೆ ಮುಗಿದಂತೆ.

ಸಂಜೆಯಾಯಿತು. ಕೆಂಚಿ ಕರೆದಳು. ಗಾಳಿರಾಯ ಗಂಟು ಬಿಚ್ಚಿ ಎಲ್ಲವನ್ನೂ ಒಟ್ಟಿಗೆ ಸುರಿದ. ಬೂದಪ್ಪನ ತಲೆಯೊಳಗೆ ಕಲಸುಮೇಲೋಗರ! ಪಾಪ, ಅವನಿಗೆ ದಿಕ್ಕೇ ತೋಚಲಿಲ್ಲ. ‘ಎಲ್ಲಕ್ಕಿಂತ ಜೋರಾಗಿರುವುದೇ ನನ್ನವಳ ಕರೆ’ ಎಂದುಕೊಂಡು ಹಾರಿದ, ಹಾರಿದ, ನೇರವಾಗಿ ಹೊಳೆಯೀಚೆ ಇದ್ದ ನೀಲವ್ವ ಎಂಬ ಅಜ್ಜಿಯ ಅಡುಗೆಮನೆಗೆ ನುಗ್ಗಿದ.

“ಕೆಂಚೀ, ಬಂದೆ!” ಎಂದು ತಲೆಬಾಗಿದ. ಎದುರಿಗಿದ್ದದ್ದು ಇಂಗಿನ ಗಟ್ಟಿ.

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ ಮಗಾ, ಮದುವೆಗೆ ಹೊರಟೋನು ಇಂಗು ತಿಂದ ಮಂಗನ ಹಾಗೆ ನಿಂತೆಯಲ್ಲೋ!”

“ನಗಬೇಡ ಅಜ್ಜೀ. ಅವಳು ಸೊರಗುತ್ತಿದ್ದಾಳೆ. ನನ್ನ ತಲೇಲಿ ಎಲ್ಲ ವಾಸನೆಯೂ ಒಂದೇ ಆಗಿಬಿಡುತ್ತೆ.” ಬೂದಪ್ಪ ಅತ್ತೇಬಿಟ್ಟ.

ಅಜ್ಜಿಯ ನಗು ನಿಂತಿತು. ವಯಸ್ಸಾಗಿ ಅವಳ ಕಣ್ಣು ಮಂಜಾಗಿತ್ತು. ಆದರೂ ಒಗ್ಗರಣೆ ಡಬ್ಬಿಗೆ ಕೈ ಹಾಕಿದಳು, ಸಾಸಿವೆ ಬೇಕೆಂದಾಗ ಸಾಸಿವೆಯೇ ಬಂತು, ಮೆಂತ್ಯ ಬೇಕೆಂದಾಗ ಮೆಂತ್ಯವೇ ಬಂತು. (ಲೋಕ ಹೊಸದಾದರೇನು, ಒಗ್ಗರಣೆ ಡಬ್ಬಿ ಆಗಲೇ ಇತ್ತು. ಅದಿಲ್ಲದೆ ಅಜ್ಜಿಯರು ಇರುತ್ತಾರೆಯೇ?)

“ನೋಡು ಮಗಾ, ಒಂದೊಂದಕ್ಕೂ ಅದರದೇ ಬಟ್ಟಲು. ಪದೇ ಪದೇ ಬೇಕಾದ್ದಕ್ಕೆ ದೊಡ್ಡ ಬಟ್ಟಲು. ಹೀಗಿಟ್ಟರೆ ಕಣ್ಣು ಯಾಕೆ ಬೇಕು?”

ಆ ಕಾಲದಲ್ಲಿ ಮೈಗೆ ಹೇಳಿದರೆ ಮೈ ಕೇಳುತ್ತಿತ್ತು. ಬೂದಪ್ಪ ಮೀಸೆಗೆ ಹೇಳಿದ: “ಕವಲೊಡೆ. ಕವಲಿನ ತುಂಬ ನವಿರು ಕೂದಲು ಬಿಡು. ಒಂದೊಂದು ಕೂದಲೂ ತನ್ನ ವಾಸನೆಯನ್ನು ಮಾತ್ರ ಹಿಡಿಯಲಿ.” ತಲೆಗೆ ಹೇಳಿದ: “ಬಟ್ಟಲು ಜೋಡಿಸು. ಒಂದೇ ವಾಸನೆ ಹಿಡಿಯುವ ಕೂದಲುಗಳ ನರವೆಲ್ಲ ಒಂದೇ ಬಟ್ಟಲಿಗೆ ಇಳಿಯಲಿ. ಎಲ್ಲಕ್ಕಿಂತ ದೊಡ್ಡ ಬಟ್ಟಲು ಕೆಂಚಿಯದು. ಅದಕ್ಕೆ ಬೇರೇನೂ ಬೀಳಕೂಡದು.”

ಮೀಸೆ ಗರಿಗೆದರಿತು. ತಲೆಯೊಳಗೆ ಬಟ್ಟಲುಗಳು ಸಾಲಾಗಿ ಕೂತವು.

ಗಾಳಿರಾಯ ಹೊರಗೆ ಕಾದಿದ್ದ. “ಏನೋ ಬೂದಪ್ಪಾ, ಮೀಸೆ ಬಂದವನಿಗೆ ದೇಶ ಕಾಣದಂತೆ. ನಿನಗೇನು ಕಂಡೀತು?”

“ನೀನು ತರೋದನ್ನೆಲ್ಲ ತಾ, ಗಾಳಿರಾಯ. ಒಂದನ್ನೂ ಬಿಡಬೇಡ!”

ಗಾಳಿರಾಯ ಸಂಪಿಗೆ ಎರಚಿದ. ಸಂಪಿಗೆ ತನ್ನ ಬಟ್ಟಲಿಗೆ ಬಿತ್ತು. ಹಲಸು ಎರಚಿದ. ಹಲಸು ತನ್ನ ಬಟ್ಟಲಿಗೆ ಬಿತ್ತು. ದೊಡ್ಡಿಯ ನಾತವನ್ನೂ ಹೊಗೆಯನ್ನೂ ಎರಚಿದ. ಅವೂ ತೆಪ್ಪಗೆ ತಮ್ಮ ತಮ್ಮ ಬಟ್ಟಲಿಗೆ ಹೋಗಿ ಕೂತವು.

ಆಮೇಲೆ ದೊಡ್ಡ ಬಟ್ಟಲಿಗೆ ಒಂದೇ ಒಂದು ಕಣ ಬಿತ್ತು. ಬೂದಪ್ಪನ ಮೈಯೆಲ್ಲ ಝುಮ್ಮೆಂದಿತು. ಕೆಂಚಿ!

ಬಂದ ಗಾಳಿಗೆ ಎದುರಾಗಿ ಹಾರಿದ. ಗಾಳಿರಾಯ ಹಿಂದಕ್ಕೆ ತಳ್ಳಿದ, ಇವನು ಮುಂದಕ್ಕೆ ಹಾರಿದ. ಹೊಳೆಯ ಮೇಲೆ ವಾಸನೆ ಕಡಿದುಹೋಯಿತು. ಬೂದಪ್ಪ ಎದೆಗುಂದಲಿಲ್ಲ. ಎಡಕ್ಕೆ ವಾಲಿದ, ಇಲ್ಲ. ಬಲಕ್ಕೆ ವಾಲಿದ, ಇಲ್ಲ. ಮತ್ತೆ ಎಡಕ್ಕೆ, ಸಿಕ್ಕಿತು! ಹಾಗೆ ಸೊಟ್ಟಸೊಟ್ಟಗೆ, ಬಿಟ್ಟದ್ದನ್ನು ಮತ್ತೆ ಹಿಡಿಯುತ್ತ, ಮತ್ತಿ ಮರ ಮುಟ್ಟಿದ.

ಕೆಂಚಿಯ ರೆಕ್ಕೆ ಆಗಲೇ ಜೋತುಬಿದ್ದಿತ್ತು. “ಬಂದೆಯಾ? ಇನ್ನು ಬರೋದಿಲ್ಲ ಅಂದುಕೊಂಡಿದ್ದೆ.”

“ಲೋಕದ ವಾಸನೆಯನ್ನೆಲ್ಲ ದಾಟಿ ಬಂದೆ ಕಣೇ!”

ಮತ್ತಿ ಎಲೆಗಳು ಚಪ್ಪಾಳೆ ತಟ್ಟಿದವು, ಹೊಳೆ ಕುಣಿಯಿತು. ಗಾಳಿರಾಯನೂ ಮರದ ಬುಡದಲ್ಲಿ ಕೂತು, “ಸೋತೆ ಮಾರಾಯ, ಸಂತೋಷವಾಗಿ ಸೋತೆ” ಎಂದ. ಕೆಂಚಿ ಎಲೆಯ ಅಡಿಯಲ್ಲಿ ಸಾಲು ಸಾಲಾಗಿ ಮೊಟ್ಟೆ ಇಟ್ಟಳು. ಒಂದೂ ಬರಡಾಗಲಿಲ್ಲ.

ಅದಕ್ಕೇ ಮಗೂ, ದೀಪದ ಬಳಿಯ ಗೋಡೆಗೆ ಬಂದು ಕೂರುವ ಗಂಡು ಪತಂಗದ ತಲೆಯ ಮೇಲೆ ಬಾಚಣಿಗೆಯಂಥ ಎರಡು ಮೀಸೆ ಇರುವುದು. ಅದರ ಒಂದೊಂದು ಕೂದಲೂ ಇವತ್ತಿಗೂ ಗಾಳಿಯನ್ನು ಗೆಲ್ಲುತ್ತಲೇ ಇದೆ.