ಗಿಳಿಯ ಏಪ್ರನ್

ಮೂಳೆ ಡಾಕ್ಟರ್ ಚೆನ್ನವೀರಪ್ಪನವರು ಆಸ್ಪತ್ರೆಯ ಮುಖ್ಯಸ್ಥರಾಗಿದ್ದೇ ತಡ, ಮಕ್ಕಳ ವಾರ್ಡಿಗೆ ನುಗ್ಗಿದರು. ನರ್ಸಿಂಗ್ ಕಲಿಯುವ ಹುಡುಗಿಯ ಗಿಳಿಚಿತ್ರದ ಏಪ್ರನ್ ಕಂಡು ಅವರ ಮೈಯೆಲ್ಲ ಉರಿಯಿತು.

"ಇದೇನು ನಾಟಕ ಕಂಪನಿಯಾ? ನಾಳೆಯಿಂದ ಬಿಳಿ ಕೋಟು! ಇಲ್ಲವಾದರೆ ಮನೆಗೆ ನಡಿ!"

"ಆಗಲಿ ಸರ್," ಎಂದಳು ಹುಡುಗಿ ತಲೆ ತಗ್ಗಿಸಿ. "ಈ ಪಾಪುವಿನ ಎದೆಬಡಿತ ನೀವೇ ಒಮ್ಮೆ ನೋಡಿ ತೋರಿಸಿ, ಕಲಿತುಕೊಳ್ಳುತ್ತೇನೆ."

ಡಾಕ್ಟರು ಬಿಳಿ ಕೋಟಿನ ಗುಂಡಿ ಹಾಕಿಕೊಂಡು ಬೀಗುತ್ತಾ ಹೋದರು. ಬೆಳಿಗ್ಗೆಯಷ್ಟೇ ಬಿಳಿ ಕೋಟಿನವರಿಂದ ಸೂಜಿ ಚುಚ್ಚಿಸಿಕೊಂಡಿದ್ದ ಪಾಪು ಕಿಟಾರನೆ ಕಿರುಚಿತು. ಪಕ್ಕದ ಮಂಚದ ಮಗು ದನಿಗೂಡಿಸಿತು. ಅರೆಗಳಿಗೆಯಲ್ಲಿ ವಾರ್ಡಿಗೆ ವಾರ್ಡೇ ಗೋಳೋ ಎಂದಿತು. ತಾಯಂದಿರೆಲ್ಲ ಮಗುವನ್ನು ಚಿವುಟಿದವರನ್ನು ನೋಡುವಂತೆ ಅವರನ್ನೇ ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಡಾಕ್ಟರಿಗೆ.

ಕೋಟು ಕಳಚಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಹುಡುಗಿಯನ್ನು ಮೆಲ್ಲಗೆ ಕೇಳಿದರು: "ತಾಯೀ, ಆ ಗಿಳಿಯದು ನನ್ನ ಅಳತೆಗೆ ಸಿಗುತ್ತಾ?"