ಹೆಪ್ಪಜ್ಜಿಯ ಕೊನೆಯ ತೊಟ್ಟು

ಈ ಕಥೆಯಲ್ಲಿ ಒಂದಾಣೆಯಷ್ಟು ಸುಳ್ಳಿದೆ. ಎಲ್ಲಿದೆ ಎಂಬುದು ನನಗೇ ಮರೆತುಹೋಗಿದೆ. ಸೂಕ್ಷ್ಮಾಣುಜೀವಿಗಳ ವಿಜ್ಞಾನ ಸ್ಪರ್ಧೆಗೆಂದು ಶಾಲೆಯ ಮಕ್ಕಳು ಒಂದು ಪುಟ್ಟ ಬಟ್ಟಲಲ್ಲಿ ಹೆಪ್ಪನ್ನೂ ಪಾತ್ರೆಯಲ್ಲಿ ಬಿಸಿ ಹಾಲನ್ನೂ ತಂದು ಸೂಕ್ಷ್ಮದರ್ಶಕದ ಪಕ್ಕ ಇಟ್ಟಿದ್ದರು.

"ಅಜ್ಜಿ, ನಾನು ಉಗುರುಬೆಚ್ಚಗಾದ ಕೂಡಲೇ ಬರುತ್ತೀಯಲ್ಲ? ನಾಳೆ ಸ್ಪರ್ಧೆಗೆ ನಾನು ಮೊಸರಾಗಿರಬೇಕು" ಎಂದಿತು ಹಾಲು.

"ಬರದೆ ಎಲ್ಲಿಗೆ ಹೋಗಲಿ ಮಗಾ? ನಿನ್ನೆಯ ಹಾಲಿಗೂ ನಾನೇ ಹೋದವಳು" ಎಂದಳು ಹೆಪ್ಪಜ್ಜಿ.

ಸೂಕ್ಷ್ಮದರ್ಶಕ ಕೆಮ್ಮಿತು. "ಅಜ್ಜಿ, ಅದಕ್ಕೆ ಮೊದಲು ಒಂದೇ ತೊಟ್ಟು ಈ ಗಾಜಿನ ಮೇಲೆ ಇಳಿ. ನಾನೂರು ಪಟ್ಟು ದೊಡ್ಡವಳಾಗಿ ತೋರಿಸುತ್ತೇನೆ."

ಮೊದಲ ತೊಟ್ಟು ಗಾಜಿನ ಮೇಲೆ ತೀರಾ ದಪ್ಪವಾಗಿ, ಒಳಗೇನೂ ಕಾಣಲಿಲ್ಲ. ಎರಡನೆಯದು, ಕಾಣಲೆಂದು ಮಕ್ಕಳು ಬಣ್ಣ ಹಾಕಿ ತೊಳೆಯುವಾಗ, ನಲ್ಲಿಯ ನೀರಿಗೆ ತೊಳೆದುಹೋಯಿತು. ಮೂರನೆಯದಕ್ಕೆ ಬಣ್ಣ ಹತ್ತಲಿಲ್ಲ.

"ಇನ್ನೊಂದೇ ಅಜ್ಜಿ! ತೀರ್ಪುಗಾರರು ನೋಡಬೇಡವೇ?" ಎಂದಿತು ಸೂಕ್ಷ್ಮದರ್ಶಕ.

ಅಜ್ಜಿಗೂ ಆಸೆಯೇ. ಇಳಿಯುತ್ತಲೇ ಇದ್ದಳು. ಕಡೆಗೊಂದು ತೊಟ್ಟು ಮಕ್ಕಳು ಹಚ್ಚಿದ ದೀಪದ ಬೆಂಕಿಯ ಮೇಲೆ ಒಣಗಿ ಗಾಜಿಗಂಟಿ, ನೇರಳೆ ಬಣ್ಣ ಉಟ್ಟು, ಮುತ್ತಿನ ಸರದಂತೆ ಕಂಡಿತು.

"ಅಜ್ಜಿ, ಉಗುರುಬೆಚ್ಚಗಾದೆ!" ಎಂದು ಹಾಲು ಕೂಗಿತು. ಬಟ್ಟಲು ಬರಿದಾಗಿತ್ತು.

"ಇಲ್ಲಿದ್ದಾಳೆ ನೋಡು, ಎಷ್ಟು ಚೆಂದ!" ಎಂದಿತು ಸೂಕ್ಷ್ಮದರ್ಶಕ.

ಹಾಲು ಇಣುಕಿತು. "ಚೆಂದವೇ. ಸ್ವಲ್ಪ ಕೆಳಗಿಳಿಯಲು ಹೇಳಣ್ಣ, ನಾನು ತಣ್ಣಗಾಗುತ್ತಿದ್ದೇನೆ."

ಬೆಂಕಿ ತಾಕಿದ ಹೆಪ್ಪಿನಲ್ಲಿ ಜೀವ ಉಳಿಯದು, ಅದು ಮತ್ತೆ ಹಾಲಿಗಿಳಿಯದು ಎಂಬುದು ಆಗ ಸೂಕ್ಷ್ಮದರ್ಶಕಕ್ಕೆ ನೆನಪಾಯಿತು. ತನ್ನ ತಿರುಪುಗಳನ್ನೆಲ್ಲ ತಿರುಗಿಸಿ ನೋಡಿತು. ಅಜ್ಜಿ ಇನ್ನಷ್ಟು ದೊಡ್ಡವಳಾಗಿ ಕಂಡಳೇ ಹೊರತು ಕೂದಲೆಳೆಯಷ್ಟೂ ಅಲುಗಲಿಲ್ಲ.