ಶ್ರುತಿ ಹೊತ್ತ ಕಬ್ಬಿಣ

“ತಾಯಿ, ಅಡುಗೆಯ ಕೆಂಚವ್ವನನ್ನು ಆಶ್ರಮದಿಂದ ಕಳುಹಿಸಿಬಿಡೋಣವೇ?” ಎಂದು ಶಿಷ್ಯೆ ಕೇಳಿದಳು. “ಇಪ್ಪತ್ತು ವರ್ಷ ದನಿ ಎತ್ತದವಳು ಈಗ ಉಣ್ಣಲು ಕೂತವರ ಮುಂದೆಯೇ ಸಿಡುಕುತ್ತಾಳೆ. ಬುದ್ಧಿ ಹೇಳಿದೆವು, ಗದರಿದೆವು. ಇನ್ನೂ ಹೆಚ್ಚಾಯಿತು.”

ಗುರುಮಾತೆ ಒಂದು ಕತೆ ಹೇಳಿದರು.

ಒಬ್ಬ ಸಂಗೀತ ಶಿಕ್ಷಕಿಯ ಬಳಿ ಹಳೆಯ ಪಿಯಾನೊ ಇತ್ತು. ಅದೇ ಅವಳ ಅನ್ನ. ಒಂದು ವರ್ಷ ಅದರ ಶ್ರುತಿ ಇಳಿಯತೊಡಗಿತು. ಅವಳು ತಂತಿಗಳನ್ನು ಬಿಗಿದಳು. ಮತ್ತೆ ಇಳಿಯಿತು, ಮತ್ತೆ ಬಿಗಿದಳು. ಒಂದು ದಿನ ಒಳಗಿನಿಂದ ಟಪ್ ಎಂದು ಸದ್ದು ಬಂತು.

ಒಳಗಿನ ಕಬ್ಬಿಣವೇ ಒಡೆದಿರಬೇಕೆಂದು ಎರಕದ ಕಬ್ಬಿಣ ದುರಸ್ತಿ ಮಾಡುವ ಕಮ್ಮಾರನನ್ನು ಕರೆಸಿದಳು. ತಂತಿಗಳ ಎಳೆತವನ್ನೆಲ್ಲ ತಡೆದು ನಿಲ್ಲುವ ಕಬ್ಬಿಣದ ಚೌಕಟ್ಟು ಪಿಯಾನೊದೊಳಗಿತ್ತು. ಅವನು ಅದಕ್ಕೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದ. ಬಿರುಕಿಗೆ ಇಳಿದಿದ್ದ ಎಣ್ಣೆ ಪುಡಿಯಲ್ಲಿ ಗೆರೆಯಾಗಿ ಮೂಡಿತು. ಗೇಣುದ್ದ ಇತ್ತು.

“ಬೆಸುಗೆ ಹಾಕಿ ಮುಗಿಸಪ್ಪ,” ಎಂದಳು ಶಿಕ್ಷಕಿ.

“ಎರಕಕ್ಕೆ ಬೆಂಕಿ ಮುಟ್ಟಿಸಿದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಬಾಯಿ ಬಿಡುತ್ತದಮ್ಮ. ಬೆಂಕಿಯಿಲ್ಲದೆ, ತಣ್ಣಗೆ ಮೊಳೆ ಕೂರಿಸಿ ಹೊಲಿಯಬೇಕು,” ಎಂದ ಕಮ್ಮಾರ, ತಂತಿಗಳನ್ನು ಒಂದೊಂದಾಗಿ ಸಡಿಲಿಸತೊಡಗಿದ.

“ಸರಿಮಾಡು ಎಂದರೆ ಇದ್ದ ಸ್ವರವನ್ನೂ ಕಳೆಯುತ್ತೀಯಲ್ಲ ಮಹರಾಯ.”

“ಇನ್ನೂರು ಚಿಲ್ಲರೆ ತಂತಿ ಇವೆ. ಒಂದೊಂದೂ ಒಬ್ಬ ಆಳಿನ ತೂಕದಷ್ಟು ಎಳೆಯುತ್ತದೆ. ಅಷ್ಟು ಜನ ಇದರ ಹೆಗಲೇರಿ ಕೂತಿರುವಾಗ ಹೊಲಿಗೆ ಹಾಕಲೇ? ತಂತಿಯದೇನೂ ತಪ್ಪಿಲ್ಲಮ್ಮ. ಈ ಚೌಕಟ್ಟು ಸೋತಿತ್ತು. ನೀವು ಬಿಗಿದಷ್ಟೂ ಸೀಳಿತು.”

ತಂತಿಗಳೆಲ್ಲ ಸಡಿಲಾದವು. ಪಿಯಾನೊ ಮೂಕವಾಯಿತು. ಕಮ್ಮಾರ ಬಿರುಕು ಮುಂದೆ ಓಡದಂತೆ ಅದರ ತುದಿಯಲ್ಲಿ ಸಣ್ಣ ತೂತು ಕೊರೆದ. ಗೆರೆಯುದ್ದಕ್ಕೂ ಒಂದನ್ನೊಂದು ಕಚ್ಚುವಂತೆ ತಿರುಪುಮೊಳೆಗಳನ್ನು ಕೂರಿಸಿ, ಅರದಿಂದ ಉಜ್ಜಿ ಸಮಮಾಡಿದ. ಆಮೇಲೆ ಅವಸರಿಸದೆ, ವಾರಗಟ್ಟಲೆ, ತಂತಿಗಳ ಬಿಗಿ ಏರಿಸಿದರು. ಈ ಸಲ ಶ್ರುತಿ ಇಳಿಯದೆ ನಿಂತಿತು.

ಶಿಕ್ಷಕಿ ಮೂವತ್ತು ವರ್ಷ ದಿನಾ ಬೆರಳಾಡುವ ಕಪ್ಪು-ಬಿಳಿ ಮಣೆಗಳನ್ನು ಒರೆಸಿದ್ದಳು. ಕಬ್ಬಿಣದ ಕಡೆ ಒಮ್ಮೆಯೂ ನೋಡಿರಲಿಲ್ಲ. ಅಂದು ಮುಚ್ಚಳ ಎತ್ತಿ ಅದರ ಮೇಲೆ ಅಂಗೈ ಇಟ್ಟಳು. “ಇಷ್ಟು ದಿನ ಹೊತ್ತೆಯಲ್ಲ,” ಎಂದಳು. ಆ ದಿನ ಅವಳು ಪಾಠ ಶುರುಮಾಡಿದ್ದು ತಡವಾಗಿ.

ಶಿಷ್ಯೆಯ ಕಣ್ಣು ತುಂಬಿತ್ತು. “ತಿಳಿಯಿತು ತಾಯಿ. ಕೆಂಚವ್ವನನ್ನು ಎಲ್ಲರೆದುರು ಕೂರಿಸಿ, ಸೀರೆ ಕೊಟ್ಟು, ಹಾರ ಹಾಕಿ ಸನ್ಮಾನ ಮಾಡೋಣ.”

“ಸೀರೆ ಆಮೇಲೆ ಕೊಡುವೆಯಂತೆ, ನಾಳೆಯಿಂದ ಬೆಳಗಿನ ಒಲೆ ನೀನು ಹಚ್ಚು,” ಎಂದರು ಗುರುಮಾತೆ.